ವಾರಿಜಾ ಮಿಸ್ ಮತ್ತು ಒರಿಜಿನಲ್ಸ್ ಬೀರು

ಚೆನ್ನೈಯ ವೇಲಚೇರಿಯ ಒಂದು ಮೆಟ್ರಿಕ್ಯುಲೇಷನ್ ಶಾಲೆಯಲ್ಲಿ ವಾರಿಜಾ ಇಂಗ್ಲಿಷ್ ಪಾಠ ಮಾಡುತ್ತಿದ್ದಳು. ಪಾಠ ಮಾಡುತ್ತಿದ್ದಳು ಅನ್ನುವುದು ಬಾಯಿಮಾತು. ನಿಜವಾಗಿ ಮಾಡುತ್ತಿದ್ದದ್ದು ಬರೆಸುವುದು. ಹಸುವಿನ ಮೇಲೆ ಪ್ರಬಂಧ, ಜ್ವರ ಬಂದದ್ದಕ್ಕೆ ರಜೆ ಕೇಳುವ ಪತ್ರ, ಪದ್ಯದ ಸಾರಾಂಶ, ಎಲ್ಲವನ್ನೂ ಅಲ್ಪವಿರಾಮ ಪೂರ್ಣವಿರಾಮ ಸಮೇತ ಹೇಳುವಳು, ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುವರು, ಪರೀಕ್ಷೆಯಲ್ಲಿ ಅದನ್ನೇ ತಿರುಗಿ ಕಕ್ಕಿ ಪಾಸಾಗುವರು. ಕಿಕ್ಕಿರಿದ ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವ ಹಾಗೆ ಕೂಗಿ ಕೂಗಿ ಅವಳ ಗಂಟಲು ಬಲಿತಿತ್ತು. ಮನೆಯಲ್ಲಿ ಸಾರಿಗೆ ಉಪ್ಪು ಸಾಲದು ಅಂದರೂ ಜಗಳಕ್ಕೇ ಬಂದಳೇನೋ ಅನ್ನಿಸುವಂಥ ಧ್ವನಿ. ಆದರೆ ಅಂಥ ಗಂಟಲಿದ್ದೂ ತನಗಾಗಿ ಬಾಯಿಬಿಟ್ಟು ಏನನ್ನಾದರೂ ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವಳ ತಂದೆ ವಿಶ್ವನಾಥಯ್ಯನವರು ಮೈಸೂರು ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಬಂದು ಪೆರಂಬೂರಿನಲ್ಲಿ ನೆಲೆನಿಂತವರು. ವಾರಿಜಾ ಅಲ್ಲಿಯ ರೈಲ್ವೆ ಶಾಲೆಯಲ್ಲಿ ಓದಿ, ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದಳು. ತಂದೆ ಇರುವವರೆಗೆ ಗಂಡು ನೋಡುವ ಓಡಾಟ ನಡೆದೇ ಇತ್ತು. ಬಂದವರಲ್ಲಿ ಕೆಲವರಿಗೆ ಜಾತಕ ಹಿಡಿಸಲಿಲ್ಲ, ಕೆಲವರಿಗೆ ಹುಡುಗಿಯ ಗಂಟಲು ಹಿಡಿಸಲಿಲ್ಲ. ತಂದೆ ತೀರಿಕೊಂಡ ಮೇಲೆ ಆ ಓಡಾಟವೂ ನಿಂತಿತು, ಕ್ವಾರ್ಟರ್ಸೂ ಹೋಯಿತು. ಬ್ಯಾಂಕಿನಲ್ಲಿದ್ದ ತಮ್ಮ ಮೋಹನ್ ವೇಲಚೇರಿಯಲ್ಲಿ ಹೊಸದಾಗಿ ಎದ್ದ ಕಟ್ಟಡವೊಂದರ ನೆಲಮಹಡಿಯಲ್ಲಿ ಫ್ಲ್ಯಾಟು ತೆಗೆದುಕೊಂಡು ತಾಯಿಯನ್ನೂ ಅಕ್ಕನನ್ನೂ ಅಲ್ಲಿಗೆ ಕರೆತಂದ.

ಫ್ಲ್ಯಾಟಿನಲ್ಲಿ ಎರಡು ಕೋಣೆ. ಒಂದರಲ್ಲಿ ಮೋಹನ್ ಮತ್ತು ಅವನ ಹೆಂಡತಿ ರಚನಾ, ಇನ್ನೊಂದರಲ್ಲಿ ತಾಯಿ ನಾಗರತ್ನಮ್ಮ ಮತ್ತು ಮೊಮ್ಮಗಳು ಶ್ರೀಯಾ. ವಾರಿಜಾಗೆ ಉಳಿದದ್ದು ಎಲ್ಲರೂ ಓಡಾಡುವ ಹಾಲ್. ಅಲ್ಲೊಂದು ಮಡಿಸುವ ಮಂಚ, ಅದರ ಕೆಳಗೆ ಅವಳ ಟ್ರಂಕು. ಟೀವಿ ಆರಿದ ಮೇಲೆ ಮಂಚ ಬಿಚ್ಚಬೇಕು, ಹಾಲಿನವನು ಬೆಲ್ ಮಾಡುವುದರೊಳಗೆ ಮಡಿಸಬೇಕು. ನೆಂಟರು ಬಂದರೆ ಅವರು ಏಳುವವರೆಗೆ ಆಕಳಿಕೆ ನುಂಗಿಕೊಂಡು ಕೂರಬೇಕು. ಆ ಮನೆಯಲ್ಲಿ ಅವಳು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾಗಿದ್ದ ಬಾಗಿಲೆಂದರೆ ಬಚ್ಚಲಿನದೊಂದೇ. ಅಲ್ಲೂ ಸ್ವಲ್ಪ ಹೊತ್ತಾದರೆ ಶ್ರೀಯಾ ಬಂದು ತಟ್ಟಿ, ಅತ್ತೆ ಸೀಕ್ರಂ, ಬೇಗ ಬನ್ನಿ ಅನ್ನುವಳು. ಯಾರೂ ಕೆಟ್ಟವರಲ್ಲ, ಯಾರೂ ಒಂದು ಗಡುಸು ಮಾತಾಡಿದವರಲ್ಲ. ಕೆಟ್ಟವರಾಗಿದ್ದಿದ್ದರೆ ಜಗಳವಾಡಿಕೊಂಡಾದರೂ ಹೊರಗೆ ಬೀಳಬಹುದಿತ್ತು. ಒಳ್ಳೆಯವರ ನಡುವೆ ಸಿಕ್ಕಿಕೊಂಡರೆ ಅದಕ್ಕೂ ದಾರಿಯಿಲ್ಲ.

ಶಾಲೆಯಲ್ಲಿಯೂ ಅವಳ ಪಾಲಿಗೆ ಬಂದವರು ಒಳ್ಳೆಯವರೇ. ಶಾಲೆಯ ಯಜಮಾನರನ್ನು ಆ ಊರಿನಲ್ಲಿ ಕರೆಸ್ಪಾಂಡೆಂಟ್ ಅನ್ನುತ್ತಾರೆ. ಇವರ ಹೆಸರು ಶಂಕರನಾರಾಯಣ, ಇನ್ಶೂರೆನ್ಸ್ ಕೆಲಸದಿಂದ ನಿವೃತ್ತರಾಗಿ ತಮ್ಮ ಮನೆಯ ಮೇಲೆಯೇ ಮಹಡಿ ಕಟ್ಟಿ ಶಾಲೆ ತೆರೆದ ಕನ್ನಡದವರು. ಹಣೆಯಲ್ಲಿ ವಿಭೂತಿ, ಮೆತ್ತನೆಯ ಮಾತು, ಎಲ್ಲ ಟೀಚರುಗಳನ್ನೂ ಅಮ್ಮಾ ಅಂತಲೇ ಕರೆಯುವುದು. ಕನ್ನಡ ಸಂಘದಲ್ಲಿ ವಿಶ್ವನಾಥಯ್ಯನವರ ಪರಿಚಯವಿತ್ತೆಂದು ಅವರ ಮಗಳಿಗೆ ಸಂದರ್ಶನವನ್ನೂ ಮಾಡದೆ ಕೆಲಸ ಕೊಟ್ಟವರು. ಕೊಡುವಾಗ ಎಲ್ಲರ ಹತ್ತಿರ ಕೇಳುವುದನ್ನು ಅವಳ ಹತ್ತಿರವೂ ಕೇಳಿದರು, ಡಿಗ್ರಿಯ ಒರಿಜಿನಲ್. ಊರಿನ ಎಷ್ಟೋ ಖಾಸಗಿ ಶಾಲೆಗಳಲ್ಲಿ ಆಗ ಅದೇ ಪದ್ಧತಿ. ಟೀಚರು ನಡುವರ್ಷದಲ್ಲಿ ಬಿಟ್ಟು ಓಡದಿರಲಿ ಅಂತ ಅವರ ಸರ್ಟಿಫಿಕೇಟುಗಳನ್ನು ಶಾಲೆಯಲ್ಲೇ ಇಟ್ಟುಕೊಳ್ಳುವುದು. ಶಂಕರನಾರಾಯಣರು ಅದನ್ನು ಹಾಗೆ ಹೇಳುತ್ತಿರಲಿಲ್ಲ. ಮನೆಯಲ್ಲಿಟ್ಟರೆ ಗೆದ್ದಲು ಹಿಡಿಯುತ್ತೆ, ಮಳೆ ನೀರು ನುಗ್ಗುತ್ತೆ, ಇಲ್ಲಿ ಭದ್ರವಾಗಿರಲಿ ಅನ್ನುತ್ತಿದ್ದರು. ಅವರ ಕುರ್ಚಿಯ ಹಿಂದಿನ ಕಬ್ಬಿಣದ ಬೀರುವಿನೊಳಗೆ ಎಲ್ಲರ ಡಿಗ್ರಿಗಳೂ ಹೋಗಿ ಕೂತಿದ್ದವು. ಅದರ ಬೀಗದ ಕೈ ಅವರ ಜನಿವಾರದಲ್ಲಿ.

ಅವರು ಹೇಳಿದ್ದು ಸುಳ್ಳೂ ಅಲ್ಲ. ಒಂದು ಮಳೆಗಾಲದಲ್ಲಿ ವೇಲಚೇರಿಯ ನೀರು ಮೋಹನನ ಫ್ಲ್ಯಾಟಿಗೆ ನುಗ್ಗಿ ವಾರಿಜಾಳ ಟ್ರಂಕಿನಲ್ಲಿದ್ದುದೆಲ್ಲ ನೆನೆದು ಮುದ್ದೆಯಾಯಿತು. ಅಪ್ಪನ ಫೋಟೋ ಕೂಡ ಹೋಯಿತು. ಬೀರುವಿನಲ್ಲಿದ್ದ ಡಿಗ್ರಿ ಮಾತ್ರ ಬೆಚ್ಚಗಿತ್ತು. ನೋಡಿದ್ಯಾ ಅಮ್ಮಾ ಎಂದು ಶಂಕರನಾರಾಯಣರು ಮಗುವಿಗೆ ಹೇಳುವ ಹಾಗೆ ಹೇಳಿದರು, ಅವಳು ಹೌದು ಸರ್ ಎಂದಳು. ಆದರೆ ಅಡ್ಯಾರಿನ ದೊಡ್ಡ ಶಾಲೆಯಲ್ಲಿ ಕೆಲಸ ಸಿಕ್ಕ ಗಣಿತದ ಟೀಚರೊಬ್ಬಳು ತನ್ನ ಒರಿಜಿನಲ್ ಕೇಳಿದಾಗ, ಪರೀಕ್ಷೆ ಮುಗಿಯಲಿ, ರಿಸಲ್ಟ್ ಬರಲಿ, ಅಡ್ಮಿಷನ್ ಆಗಲಿ ಎಂದು ಅದೇ ಮೆತ್ತನೆಯ ದನಿಯಲ್ಲಿ ತಳ್ಳುತ್ತ ಹೋದದ್ದನ್ನೂ ವಾರಿಜಾ ನೋಡಿದ್ದಳು. ಆ ಕೆಲಸ ಕೊನೆಗೆ ಬೇರೆಯವರ ಪಾಲಾಯಿತು.

ಹೀಗಿರುವಾಗ ೨೦೦೩ರಲ್ಲಿ ಅವಳಿಗೆ ಒಂದು ಟ್ಯೂಷನ್ ಸಿಕ್ಕಿತು. ಕಾರಿನ ಬಿಡಿಭಾಗಗಳ ಕಾರ್ಖಾನೆಗೆ ಬಂದಿದ್ದ ಜಪಾನಿ ಎಂಜಿನಿಯರ್ ಒಬ್ಬನ ಸಂಸಾರ ಅಡ್ಯಾರಿನಲ್ಲಿ ಮನೆ ಮಾಡಿತ್ತು. ಅವನ ಹೆಂಡತಿ ಮಿಸೆಸ್ ಒಗಾತಾಗೆ ತರಕಾರಿಯವನ ಜೊತೆ, ಆಟೋದವನ ಜೊತೆ ಮಾತಾಡುವಷ್ಟು ಇಂಗ್ಲಿಷ್ ಬೇಕಿತ್ತು. ಆಟೋದವನಿಗೇ ಅಷ್ಟು ಇಂಗ್ಲಿಷ್ ಬರುವುದಿಲ್ಲವಲ್ಲ ಎಂದು ಆಕೆಗೆ ಹೇಳುವವರು ಯಾರೂ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ವಾರಿಜಾ ಬಸ್ ಹಿಡಿದು ಹೋಗುವಳು. ಆಕೆ ಟೀ ಕೊಟ್ಟು, ಎದುರು ಕೂತು, ಹೇಳಿದ್ದನ್ನು ಮೆಲ್ಲಗೆ ತಿರುಗಿ ಹೇಳುವಳು. ಬರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ಕೂಗುವುದಕ್ಕೂ ಇರಲಿಲ್ಲ. ಒಂದು ಮಾತನ್ನು ಇನ್ನೊಬ್ಬರ ಬಾಯಿಗೆ ತರಿಸುವುದರಲ್ಲಿ ಇಷ್ಟು ಸುಖವಿದೆಯೆಂದು ವಾರಿಜಾಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಡ್ಯಾರಿನ ಮರಗಳ ಕೆಳಗೆ ಬಸ್ಸಿಗೆ ಕಾಯುವಾಗ ಅವಳು ತನ್ನಷ್ಟಕ್ಕೆ ನಗುತ್ತಿದ್ದುದುಂಟು.

ಮಿಸೆಸ್ ಒಗಾತಾಳ ಅಣ್ಣ ತನ್ನ ಊರಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಶಾಲೆ ನಡೆಸುತ್ತಿದ್ದ. ತಂಗಿಯನ್ನು ನೋಡಲು ಚೆನ್ನೈಗೆ ಬಂದವನು ಈ ಟೀಚರನ್ನು ಪರೀಕ್ಷಿಸಬೇಕೆಂದ. ವಾರಿಜಾ ಇಸ್ತ್ರಿ ಮಾಡಿದ ಸೀರೆಯುಟ್ಟು, ವ್ಯಾಕರಣವನ್ನೆಲ್ಲ ಇನ್ನೊಮ್ಮೆ ಓದಿಕೊಂಡು ಹೋದಳು. ಅವನು ವ್ಯಾಕರಣದ ಸುದ್ದಿಯನ್ನೇ ಎತ್ತಲಿಲ್ಲ. ತಂಗಿಯ ಪುಟ್ಟ ಮಗಳನ್ನು ಎದುರಿಗೆ ಕೂರಿಸಿ, ಇವಳಿಗೆ ಮೇಲೆ, ಕೆಳಗೆ, ಒಳಗೆ ಅನ್ನುವುದನ್ನು ಇಂಗ್ಲಿಷಿನಲ್ಲಿ ಕಲಿಸಿ ತೋರಿಸು ಎಂದ. ಕರಿಹಲಗೆ ಇಲ್ಲ, ಪುಸ್ತಕ ಇಲ್ಲ. ವಾರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಊಟದ ಮೇಜಿನ ಕೆಳಗೆ ನುಗ್ಗಿ ಕೂತು, ಅಲ್ಲಿಂದ ಕೂಗಿ ಹೇಳಿದಳು. ಮಗು ಕಿಲಕಿಲ ನಕ್ಕು ತಾನೂ ನುಗ್ಗಿತು. ಬೀರುವಿನೊಳಗೆ, ಮಂಚದ ಮೇಲೆ, ಬಾಗಿಲ ಹಿಂದೆ ಎಂದು ಇಬ್ಬರೂ ಮನೆಯೆಲ್ಲ ಸುತ್ತಿದರು. ಅವಳ ದೊಡ್ಡ ಗಂಟಲನ್ನು ಆ ಮನುಷ್ಯ ಬಹಳ ಮೆಚ್ಚಿದ. ಗಂಡು ನೋಡಲು ಬಂದವರು ಬೇಡವೆಂದದ್ದು ಈ ಗಂಟಲನ್ನೇ ಎಂದು ನೆನಪಾಗಿ ವಾರಿಜಾಗೆ ನಗು ತಡೆಯಲಾಗಲಿಲ್ಲ.

ಊರಿಗೆ ಹಿಂದಿರುಗಿದವನು ಪತ್ರ ಬರೆದ. ಕೆಲಸ ಏಪ್ರಿಲಿನಿಂದ, ಅಲ್ಲಿ ಶಾಲೆಗಳು ಶುರುವಾಗುವುದೇ ಏಪ್ರಿಲಿನಲ್ಲಿ. ಇರಲು ಒಂದು ಪುಟ್ಟ ಮನೆ, ಅದರ ನಕ್ಷೆಯನ್ನು ಪತ್ರದ ಜೊತೆಗಿಟ್ಟಿದ್ದ. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಬಾಗಿಲು ಎಲ್ಲಿ, ಅದು ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನು ಒಂದು ಬಾಗಿದ ಗೆರೆಯಿಂದ ತೋರಿಸಿತ್ತು. ಕೀಲಿಕೈ ನಿಮ್ಮ ಹತ್ತಿರವೇ ಇರುತ್ತದೆ ಎಂದು ಅವನು ಯಾವ ವಿಶೇಷವೂ ಇಲ್ಲದೆ ಒಂದು ಸಾಲು ಸೇರಿಸಿದ್ದ. ವಾರಿಜಾ ಅದನ್ನು ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಓದಿದಳು, ಓದಿ ಅತ್ತಳು. ಜಪಾನು ಅವಳಿಗೆ ಬೇಕಿರಲಿಲ್ಲ, ಅಲ್ಲಿನ ಹೂವೂ ಬೇಡ, ರೈಲೂ ಬೇಡ. ಅವಳಿಗೆ ಬೇಕಾಗಿದ್ದದ್ದು ಆ ಬಾಗಿಲು.

ವೀಸಾದ ದಾರಿಯನ್ನು ಮಿಸೆಸ್ ಒಗಾತಾ ಬಿಡಿಸಿ ಹೇಳಿದಳು. ಅಣ್ಣನ ಶಾಲೆಯವರು ಅಲ್ಲಿಯ ವಲಸೆ ಕಚೇರಿಗೆ ಅರ್ಜಿ ಹಾಕುತ್ತಾರೆ, ಕಚೇರಿ ಒಪ್ಪಿದರೆ ಒಂದು ಅರ್ಹತಾ ಪತ್ರ ಟಪಾಲಿನಲ್ಲಿ ಬರುತ್ತದೆ, ಅದನ್ನೂ ಪಾಸ್‌ಪೋರ್ಟನ್ನೂ ಚೆನ್ನೈಯ ಜಪಾನಿ ಕಾನ್ಸುಲೇಟಿಗೆ ಒಯ್ದರೆ ವೀಸಾ ಒತ್ತುತ್ತಾರೆ. ಏಪ್ರಿಲಿಗೆ ಸೇರಬೇಕಾದರೆ ಅರ್ಜಿ ಅಕ್ಟೋಬರಿನಲ್ಲೇ ಹೋಗಬೇಕು. ಆ ಶಾಲೆಯವರ ಕಾಗದಪತ್ರ ನೋಡಿಕೊಳ್ಳುವ ಅಲ್ಲಿಯ ಏಜೆಂಟ್ ಹಿಂದೊಮ್ಮೆ ಯಾರದೋ ಖೋಟಾ ಡಿಗ್ರಿಯಿಂದ ಕೈ ಸುಟ್ಟುಕೊಂಡವನು. ಒರಿಜಿನಲ್ ಡಿಗ್ರಿ ಕಣ್ಣಾರೆ ಕಾಣದೆ ಅರ್ಜಿ ಮುಟ್ಟುವುದಿಲ್ಲ ಅಂದಿದ್ದ. ನೋಡಿ ವಾಪಸ್ ಕಳಿಸುತ್ತಾನೆ, ಆದರೆ ನೋಡಲೇಬೇಕು. ಮಿಸ್ಟರ್ ಒಗಾತಾ ಅಕ್ಟೋಬರಿನ ಮೊದಲಲ್ಲಿ ರಜೆಗೆ ಊರಿಗೆ ಹೋಗುವವನಿದ್ದ, ಅವನ ಕೈಯಲ್ಲೇ ಕಳಿಸಬಹುದಿತ್ತು.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದು ಮನೆಯಲ್ಲಿ ಗೊತ್ತಾದದ್ದು ಪೊಲೀಸಿನವನು ವಿಚಾರಣೆಗೆ ಬಂದು ಬಾಗಿಲಲ್ಲಿ ನಿಂತಾಗ. ನೆರೆಹೊರೆಯವರು ಇಣುಕಿದರು. ನಾಗರತ್ನಮ್ಮ ಯಾರದೋ ಸ್ಕೂಟರ್ ಕಳುವಾಗಿದೆಯಂತೆ ಎಂದು ಮೆಟ್ಟಿಲ ಮೇಲಿದ್ದವರಿಗೆ ತಮಿಳಿನಲ್ಲಿ ಹೇಳಿ ಬಾಗಿಲು ಮುಂದೆ ಮಾಡಿದಳು. ಆಮೇಲೆ ಮನೆಯವರೆಲ್ಲ ಕೂತು ವಿಷಯ ಕೇಳಿದರು. ಯಾರೂ ಬೇಡ ಅನ್ನಲಿಲ್ಲ, ಅದು ಆ ಮನೆಯ ರೀತಿಯೇ ಅಲ್ಲ. ಅಲ್ಲಿ ಭೂಕಂಪ ಜಾಸ್ತಿಯಂತೆ ಎಂದ ಮೋಹನ್. ಮೀನು ಬಿಟ್ಟರೆ ತಿನ್ನಲು ಏನೂ ಸಿಗದಂತೆ ಎಂದಳು ತಾಯಿ. ಅತ್ತಿಗೆ ಇಲ್ಲದಿದ್ದರೆ ಶ್ರೀಯಾಳ ಹೋಂವರ್ಕ್ ಯಾರು ಮಾಡಿಸುತ್ತಾರೆ ಎಂದು ರಚನಾ ನಗುತ್ತಲೇ ಕೇಳಿದಳು. ಕೊನೆಗೆ ಎಲ್ಲರೂ ಸೇರಿ ನೋಡೋಣ ಅಂದರು. ನೋಡೋಣ ಅನ್ನುವ ಮಾತು ಆ ಮನೆಯಲ್ಲಿ ಎಷ್ಟೋ ಸಂಬಂಧಗಳನ್ನು ಮುಗಿಸಿತ್ತು.

ವಾರಿಜಾ ಮೊದಲ ಸಲ ಒರಿಜಿನಲ್ ಕೇಳಿದ್ದು ಸುಳ್ಳು ಹೇಳಿ. ಅಂಚೆ ಮೂಲಕ ಎಂ.ಎ. ಮಾಡುತ್ತೇನೆ ಸರ್, ಡಿಗ್ರಿ ಬೇಕು ಎಂದಳು. ಶಂಕರನಾರಾಯಣರು ಬಹಳ ಸಂತೋಷಪಟ್ಟು, ತಾವೇ ಬೀರು ತೆಗೆದು, ಝೆರಾಕ್ಸ್ ಮಾಡಿಸಿ, ಶಾಲೆಯ ಮೊಹರು ಒತ್ತಿ ಕೊಟ್ಟರು. ಯಾರಾದರೂ ಒಪ್ಪದಿದ್ದರೆ ನನಗೆ ಫೋನ್ ಮಾಡಲು ಹೇಳು ಎಂದೂ ಸೇರಿಸಿದರು. ವಾರಿಜಾ ಥ್ಯಾಂಕ್ಸ್ ಹೇಳಿ ಅದನ್ನು ಹಿಡಿದುಕೊಂಡು ಬಂದಳು. ಡಿಗ್ರಿ ಕಳೆದುಹೋಗಿದೆಯೆಂದು ವಿಶ್ವವಿದ್ಯಾಲಯದಿಂದ ಇನ್ನೊಂದು ಪ್ರತಿ ತೆಗೆಸಬಹುದೇ ಎಂದು ವಿಚಾರಿಸಿದಳು. ಅದಕ್ಕೆ ಪೊಲೀಸ್ ದೂರು, ಪ್ರಮಾಣಪತ್ರ, ತಿಂಗಳುಗಟ್ಟಲೆ ಅಲೆದಾಟ. ಅಷ್ಟರಲ್ಲಿ ಏಪ್ರಿಲ್ ಬಂದು ಹೋಗಿರುತ್ತಿತ್ತು.

ಎರಡನೆಯ ಸಲ ನಿಜ ಹೇಳಿದಳು. ಹೇಳುವಾಗ ಅವಳ ಆ ಗಂಟಲು ಎಲ್ಲಿ ಹೋಗಿತ್ತೋ, ಶಂಕರನಾರಾಯಣರು ಎರಡು ಸಲ ಏನಮ್ಮಾ ಎಂದು ಮುಂದಕ್ಕೆ ಬಾಗಿ ಕೇಳಿದರು. ಅವರು ಸಿಟ್ಟಾಗಲಿಲ್ಲ. ವಿಶ್ವನಾಥಯ್ಯ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರು ಎಂದು ಕಣ್ಣು ಒರೆಸಿಕೊಂಡರು. ಟೆಂತ್ ಬ್ಯಾಚನ್ನು ದಡ ಮುಟ್ಟಿಸಿ ಹೋಗು, ಮಗಳನ್ನು ಕಳಿಸುವ ಹಾಗೆ ನಾನೇ ಏರ್‌ಪೋರ್ಟಿಗೆ ಬಂದು ಕಳಿಸುತ್ತೇನೆ ಅಂದರು. ಈಗ ಬೇಕಾಗಿರುವುದು ಕಾಗದ ಮಾತ್ರ, ಮಾರ್ಚ್‌ವರೆಗೆ ನಾನು ಇಲ್ಲೇ ಇರುತ್ತೇನೆ ಎಂದು ಅವಳು ವಿವರಿಸಿದಳು.

"ಕಾಗದ ಹೋದ್ಮೇಲೆ ಮನಸ್ಸು ಇಲ್ಲಿರತ್ತಾ ಅಮ್ಮಾ?" ಎಂದರು ಶಂಕರನಾರಾಯಣರು. "ನಿನಗೆ ಕೊಟ್ರೆ ನಾಳೆ ಎಲ್ಲಾರೂ ಕೇಳ್ತಾರೆ. ಅಪ್ಪುರಂ, ಆಮೇಲೆ ನಾನು ಶಾಲೆ ಮುಚ್ಕೊಂಡು ಕೂತ್ಕೋಬೇಕಷ್ಟೆ."

ಅವರು ಮೇಜಿನ ಮೇಲಿದ್ದ ಪ್ರಸಾದದ ಕಲ್ಲುಸಕ್ಕರೆ ಕೊಟ್ಟರು. ಅವಳು ಅದನ್ನು ಬಾಯಿಗೆ ಹಾಕಿಕೊಂಡು ಕ್ಲಾಸಿಗೆ ಹೋದಳು.

ಇನ್ನು ಉಳಿದದ್ದು ಸರಸ್ವತಿ ಪೂಜೆ. ಆ ಬೀರು ಪೂರ್ತಿ ಖಾಲಿಯಾಗುತ್ತಿದ್ದದ್ದು ವರ್ಷಕ್ಕೆ ಆ ಒಂದೇ ಸಲ. ನವಮಿಯ ದಿನ ಎಲ್ಲರ ಮನೆಗಳಲ್ಲಿ ಪುಸ್ತಕ ಪೂಜೆಗಿಡುವ ಹಾಗೆ ಶಾಲೆಯಲ್ಲೂ ಇಡುತ್ತಿದ್ದರು. ಜೊತೆಗೆ ಟೀಚರುಗಳ ಸರ್ಟಿಫಿಕೇಟುಗಳನ್ನೂ ತೆಗೆದು, ದೇವಿಯ ಪಟದ ಮುಂದೆ ಜೋಡಿಸಿ, ಮೇಲೆ ಕೆಂಪು ರೇಷ್ಮೆ ಹೊದಿಸುವರು. ಪೂಜೆಯಲ್ಲಿರುವುದನ್ನು ಆ ದಿನ ಯಾರೂ ಮುಟ್ಟುವಂತಿಲ್ಲ. ಮರುದಿನ ವಿಜಯದಶಮಿ, ಪುನಃಪೂಜೆಯಾದ ಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವರು. ಕರೆದವಳು ಬಂದು ತನ್ನ ಡಿಗ್ರಿ ತೆಗೆದುಕೊಂಡು, ಅದರಲ್ಲಿ ಒಂದು ಸಾಲು ಗಟ್ಟಿಯಾಗಿ ಓದಿ, ಕಣ್ಣಿಗೊತ್ತಿಕೊಂಡು, ಕರೆಸ್ಪಾಂಡೆಂಟರ ಕೈಗೆ ಕೊಟ್ಟು ನಮಸ್ಕಾರ ಮಾಡಬೇಕು. ಅವರು ಅದನ್ನು ಮತ್ತೆ ಬೀರುವಿನಲ್ಲಿಡುವರು. ಪೊಲೀಸಿಲ್ಲ, ಬಲವಂತವಿಲ್ಲ, ಎಲ್ಲ ಹೆಂಗಸರೂ ರೇಷ್ಮೆ ಸೀರೆಯುಟ್ಟು ಬಂದು ತಮ್ಮ ಡಿಗ್ರಿಯನ್ನು ತಮ್ಮ ಕೈಯಾರೆ ಒಳಗೆ ಕೊಟ್ಟು ಪ್ರಸಾದದ ಕಡಲೆ ಸುಂಡಲ್ ತಿಂದು ಮನೆಗೆ ಹೋಗುವರು.

ಈ ಶಾಸ್ತ್ರವನ್ನು ಶುರುಮಾಡಿಸಿದವಳು ಯಾರೆಂದುಕೊಂಡಿರಿ, ವಾರಿಜಾಳೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ವರ್ಷಕ್ಕೊಂದು ಸಲವಾದರೂ ತನ್ನ ಡಿಗ್ರಿಯನ್ನು ಕಣ್ಣಲ್ಲಿ ನೋಡುವ ಆಸೆಯಿಂದ, ಪುಸ್ತಕದ ಜೊತೆ ಅವನ್ನೂ ಪೂಜೆಗಿಟ್ಟರೆ ಹೇಗೆ ಸರ್ ಎಂದಿದ್ದಳು. ಶಂಕರನಾರಾಯಣರಿಗೆ ಅದು ಬಹಳ ಹಿಡಿಸಿ, ಹೆಸರು ಕರೆಯುವ ಗೌರವವನ್ನು ಅವಳಿಗೇ ವಹಿಸಿದ್ದರು. ಅಷ್ಟು ವರ್ಷವೂ ಅವಳೇ ಕರೆದಿದ್ದಳು.

ಆ ವರ್ಷದ ವಿಜಯದಶಮಿಯ ದಿನವೇ ಮಿಸ್ಟರ್ ಒಗಾತಾನ ವಿಮಾನ. ಸಂಜೆಯೊಳಗೆ ಡಿಗ್ರಿ ತಂದುಕೊಟ್ಟರೆ ಅವನು ಒಯ್ಯುತ್ತಾನೆ, ಇಲ್ಲವಾದರೆ ಈ ವರ್ಷದ ಅರ್ಜಿ ಇಲ್ಲ, ಅಣ್ಣ ಬೇರೆಯವರನ್ನು ನೋಡಿಕೊಳ್ಳುತ್ತಾನೆ ಎಂದು ಮಿಸೆಸ್ ಒಗಾತಾ ಬೇಸರದಿಂದಲೇ ಹೇಳಿದ್ದಳು. ವಾರಿಜಾ ನಿರ್ಧಾರ ಮಾಡಿದಳು. ಕದಿಯುವುದಿಲ್ಲ, ಓಡುವುದಿಲ್ಲ. ಕೈಗೆ ಬಂದದ್ದನ್ನು ವಾಪಸ್ ಕೊಡುವುದಿಲ್ಲ, ಅಷ್ಟೇ. ತನ್ನದನ್ನು ತಾನು ಇಟ್ಟುಕೊಳ್ಳುವುದಕ್ಕೆ ಇಷ್ಟು ದೊಡ್ಡ ನಿರ್ಧಾರ ಬೇಕಾಯಿತಲ್ಲ ಎಂದು ಅವಳಿಗೇ ನಾಚಿಕೆಯಾಯಿತು. ಸ್ನಾನ ಮಾಡುವಾಗ ಹೇಳಬೇಕಾದ ಮಾತನ್ನು ನಲ್ಲಿಯ ಸದ್ದಿನಲ್ಲಿ ಎಷ್ಟೋ ಸಲ ಹೇಳಿಕೊಂಡಳು.

ಶಾಲೆಯ ಮಹಡಿಯ ಆಫೀಸು ಕೋಣೆ ಸಾಂಬ್ರಾಣಿ ಹೊಗೆಯಿಂದ ತುಂಬಿತ್ತು. ಟೀಚರುಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದರು. ಹಿರಿಯಳಾದ ವಾರಿಜಾಳದು ಮೊದಲು, ಆಮೇಲೆ ಆ ವರ್ಷ ಹೊಸದಾಗಿ ಸೇರಿದವಳದು, ಮಿಕ್ಕವರದು ಅದಾದ ಮೇಲೆ, ಅದು ಕ್ರಮ. ಮಂಗಳಾರತಿ ಮುಗಿಯಿತು. ವಾರಿಜಾ ತನ್ನ ಹೆಸರನ್ನು ತಾನೇ ಕರೆದುಕೊಂಡು, ಎಲ್ಲರೂ ಎಂದಿನಂತೆ ನಗಲು, ಮುಂದೆ ಹೋಗಿ ರೇಷ್ಮೆಯ ಕೆಳಗಿನಿಂದ ತನ್ನ ಡಿಗ್ರಿ ತೆಗೆದುಕೊಂಡಳು. ಒಂದು ಸಾಲು ಓದಿದಳು. ಕಣ್ಣಿಗೊತ್ತಿಕೊಂಡಳು. ಶಂಕರನಾರಾಯಣರು ಅಂಗೈ ಚಾಚಿದರು.

"ಸರ್, ಇದು ನನ್ನ ಹತ್ರಾನೇ ಇರ್ಲಿ," ಎಂದಳು ವಾರಿಜಾ. ಈ ಸಲ ಗಂಟಲು ಕೈಕೊಡಲಿಲ್ಲ. ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

ಶಂಕರನಾರಾಯಣರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಮುಖದ ನಗುವನ್ನೂ ತೆಗೆಯಲಿಲ್ಲ.

"ತಗೊಂಡ್ ಹೋಗಮ್ಮಾ, ನಿನ್ನದು ತಾನೆ," ಎಂದರು. ಆಮೇಲೆ ಉಳಿದವರ ಕಡೆ ತಿರುಗಿ ತಮಿಳಿನಲ್ಲಿ, ವಾರಿಜಾ ಮಿಸ್ ತಮ್ಮದನ್ನು ಒಯ್ಯುತ್ತಾರಂತೆ, ಒಬ್ಬರು ಒಯ್ದ ಮೇಲೆ ಈ ಪೂಜೆಗೆ ಅರ್ಥವಿಲ್ಲ, ಇವತ್ತಿಗೆ ನಿಲ್ಲಿಸೋಣ, ಮಿಕ್ಕವರದು ಇನ್ನು ಮೇಲೆ ಬೀರುವಿನಿಂದ ಹೊರಗೆ ತೆಗೆಯುವುದು ಬೇಡ ಎಂದು ಸಮಾಧಾನವಾಗಿ ಹೇಳಿದರು. ರೇಷ್ಮೆಯನ್ನು ಎಳೆದು ರಾಶಿಯ ಮೇಲೆ ಸರಿಯಾಗಿ ಮುಚ್ಚಿದರು.

ಗೋಡೆಯುದ್ದಕ್ಕೂ ನಿಂತಿದ್ದವರು ವಾರಿಜಾಳನ್ನು ನೋಡಿದರು. ಶಂಕರನಾರಾಯಣರನ್ನು ಯಾರೂ ನೋಡಲಿಲ್ಲ, ಇವಳನ್ನೇ ನೋಡಿದರು. ತಲೆಗೆ ಹೂ ಮುಡಿದು, ತಮ್ಮ ಹೆಸರಿಗಾಗಿ ಕಾಯುತ್ತಿದ್ದ ಹೆಂಗಸರು. ವರ್ಷಕ್ಕೊಂದು ಸಲ ಕೈಯಲ್ಲಿ ಹಿಡಿಯುತ್ತಿದ್ದುದನ್ನೂ ಇವಳೊಬ್ಬಳಿಂದ ಕಳೆದುಕೊಂಡರು. ಹೊರಡು, ಬಾಗಿಲು ಅಲ್ಲೇ ಇದೆ ಎಂದು ವಾರಿಜಾ ತನಗೆ ತಾನೇ ಹೇಳಿಕೊಂಡಳು. ನಕ್ಷೆಯ ಆ ಬಾಗಿದ ಗೆರೆ ಕಣ್ಣೆದುರಿಗೆ ಬಂತು. ಆದರೆ ಇಷ್ಟು ಜನರ ಬಾಗಿಲು ಹಾಕಿ ನಾನೊಬ್ಬಳು ಬಾಗಿಲು ತೆಗೆದುಕೊಂಡು ಹೋಗಲೇ ಅನ್ನಿಸಿತು ಅವಳಿಗೆ. ಚಾಚಿದ ಕೈ ಇನ್ನೂ ಹಾಗೇ ಇತ್ತು. ಅವಳು ಡಿಗ್ರಿಯನ್ನು ಅದರ ಮೇಲಿಟ್ಟು ಬಗ್ಗಿ ನಮಸ್ಕಾರ ಮಾಡಿದಳು.

ಶಂಕರನಾರಾಯಣರು ತಲೆಯ ಮೇಲೆ ಅಕ್ಷತೆ ಹಾಕಿ, ಒಳ್ಳೆಯ ಮಗು ಎಂದರು. ಡಿಗ್ರಿ ಬೀರುವಿನೊಳಗೆ ಹೋಯಿತು. ಕೋಣೆಯಲ್ಲಿ ಎಲ್ಲರೂ ಉಸಿರು ಬಿಟ್ಟರು.

ಮುಂದಿನ ಹೆಸರು ನೇಹಾಳದು. ಪೋರೂರಿನಿಂದ ಬರುತ್ತಿದ್ದ ಹುಡುಗಿ, ಕಾಲೇಜು ಮುಗಿಸಿ ಆ ಜೂನಿನಲ್ಲಷ್ಟೇ ಸೇರಿದ್ದವಳು. ಮನೆಮಾತು ಕನ್ನಡವಾದರೂ ಬಾಯಿ ತೆರೆದರೆ ತಮಿಳು. ಕರೆದ ಕೂಡಲೇ ಬಂದಳು, ರೇಷ್ಮೆ ಎತ್ತಿ ತನ್ನದನ್ನು ತೆಗೆದುಕೊಂಡಳು. ಓದಲಿಲ್ಲ, ಕಣ್ಣಿಗೂ ಒತ್ತಿಕೊಳ್ಳಲಿಲ್ಲ. ಒಂದು ಸಲ ಬಾಗಿಲ ಕಡೆ ನೋಡಿ, ರೇಷ್ಮೆ ಸೀರೆಯ ನೆರಿಗೆಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು ಹೊರಟೇಹೋದಳು. ಮೆಟ್ಟಿಲ ಮೇಲೆ ಅವಳ ಕಾಲ್ಗೆಜ್ಜೆಯ ಸದ್ದು ಕೆಳಗಿಳಿಯುವುದು ಎಲ್ಲರಿಗೂ ಕೇಳಿಸಿತು.

ಶಂಕರನಾರಾಯಣರು ವಾರಿಜಾಳ ಕಡೆ ತಿರುಗಿ, ನೀನು ಹೇಳಿದರೆ ಕೇಳುತ್ತಾಳೆ, ಹೋಗಿ ಕರೆದುಕೊಂಡು ಬಾ ಎಂದರು. ವಾರಿಜಾ ಇಳಿದು ಹೋದಳು. ಗೇಟಿನ ಹೊರಗೆ ನೇಹಾ ಒಂದು ಆಟೋವನ್ನು ನಿಲ್ಲಿಸಿ ಅದರವನೊಂದಿಗೆ ಚೌಕಾಸಿ ಮಾಡುತ್ತಿದ್ದಳು. ಅಂಥ ಹೊತ್ತಿನಲ್ಲೂ ಚೌಕಾಸಿ. ವಾರಿಜಾ ಹೋಗಿ ಅವಳ ಮಣಿಕಟ್ಟು ಹಿಡಿದುಕೊಂಡಳು. ಹುಡುಗಿ ಹೆದರುತ್ತಾಳೆ ಎಂದುಕೊಂಡಿದ್ದರೆ ಹೆದರಲಿಲ್ಲ. ಕಾಲ್ ಸೆಂಟರಿನಲ್ಲಿ ಕೆಲಸ ಸಿಕ್ಕಿದೆ, ಅವರು ಒರಿಜಿನಲ್ ಕೇಳುತ್ತಿದ್ದಾರೆ, ಕೇಳುವುದಕ್ಕೆ ಧೈರ್ಯವಿರಲಿಲ್ಲ, ನೀವು ಕೇಳಿದಿರಲ್ಲ ಆಗ ಬಂತು ಎಂದು ತಮಿಳಿನಲ್ಲಿ ಗಡಬಡಿಸಿ ಹೇಳಿದಳು. ಆಮೇಲೆ ವಾರಿಜಾಳ ಮುಖ ನೋಡಿ ಅರೆಬರೆ ಕನ್ನಡದಲ್ಲಿ ಕೇಳಿದಳು.

"ಕೈಲೇ ಇತ್ತಲ್ಲಾ ಮಿಸ್. ಯಾಕೆ ತಿರುಪ್ಪಿ ಕೊಟ್ಟ್ರಿ?"

ವಾರಿಜಾ ಮಣಿಕಟ್ಟು ಬಿಟ್ಟಳು. ನಿಮಗೆಲ್ಲ ತೊಂದರೆಯಾಗಬಾರದು ಅಂತ ಎಂದು ಹೇಳಬಹುದಿತ್ತು. ಆಟೋದವನಿಗೆ ಹುಡುಗಿಯನ್ನು ಬೇಗ ಕರೆದುಕೊಂಡು ಹೋಗು ಎಂದಳು. ಆಟೋ ಹೋಯಿತು. ರಸ್ತೆಯಲ್ಲಿ ಹಬ್ಬದ ಬೂದುಗುಂಬಳಕಾಯಿಯ ಹೋಳುಗಳು ಕುಂಕುಮದಲ್ಲಿ ಕೆಂಪಗೆ ಬಿದ್ದಿದ್ದವು. ಅಡ್ಯಾರಿನ ಬಸ್ಸು ನಿಲ್ಲುವ ಜಾಗ ಅಲ್ಲಿಂದ ಕಾಣುತ್ತಿತ್ತು. ವಾರಿಜಾ ಬರಿಗೈಯಲ್ಲಿ ಸ್ವಲ್ಪ ಹೊತ್ತು ಗೇಟಿನ ಹೊರಗೆ ನಿಂತಿದ್ದು, ತಿರುಗಿ ಮಹಡಿ ಹತ್ತಿದಳು.

ಮೇಲೆ ಎಲ್ಲರೂ ನಿಂತ ಹಾಗೇ ನಿಂತಿದ್ದರು. ಸಿಕ್ಕಳು ಸರ್, ನಾನೇ ಬಿಟ್ಟುಬಿಟ್ಟೆ ಎಂದಳು ವಾರಿಜಾ. ಬೈಯಲಿ, ಕೆಲಸದಿಂದ ತೆಗೆಯಲಿ, ಬೀರುವಿನಿಂದ ಡಿಗ್ರಿ ತೆಗೆದು ಮುಖದ ಮೇಲೆ ಎಸೆಯಲಿ ಎಂದು ಅವಳು ನಿಜಕ್ಕೂ ಹಾರೈಸಿದಳು. ಪೂಜೆಯನ್ನಂತೂ ಈಗ ನಿಲ್ಲಿಸಿಯೇ ಬಿಡುತ್ತಾರೆ ಎಂದುಕೊಂಡಳು. ಶಂಕರನಾರಾಯಣರು ರೇಷ್ಮೆಯನ್ನು ಮತ್ತೆ ಪಕ್ಕಕ್ಕೆ ಸರಿಸಿದರು.

"ಹೋದ್ರೆ ಹೋಗ್ಲಿ ಬಿಡಮ್ಮಾ. ಚಿಕ್ಕ ಹುಡುಗಿ," ಎಂದರು. "ನೀನಿದ್ದೀಯಲ್ಲ. ಮುಂದಿನ ಹೆಸರು ಕರಿ."

ಹಾಗಾದರೆ ಪೂಜೆ ನಿಲ್ಲುವುದಿಲ್ಲ. ಒಬ್ಬಳು ಒಯ್ದರೂ ನಿಲ್ಲುವುದಿಲ್ಲ, ತಾನು ಒಯ್ದಿದ್ದರೂ ನಿಲ್ಲುತ್ತಿರಲಿಲ್ಲ. ಗೋಡೆಯ ಪಕ್ಕದ ಹೆಂಗಸರು ಆಗಲೇ ಸೆರಗು ಸರಿಮಾಡಿಕೊಂಡು ತಮ್ಮ ಸರದಿಗೆ ಸಿದ್ಧರಾಗಿದ್ದರು. ಬೀರುವಿನ ಬಾಗಿಲು ಇನ್ನೂ ತೆರೆದೇ ಇತ್ತು, ಅವಳದು ಮೇಲಿನ ಅರೆಯಲ್ಲಿ ಒಂದೇ ಬಿದ್ದಿತ್ತು, ಎರಡು ಹೆಜ್ಜೆ ಇಟ್ಟರೆ ಕೈಗೆ ಸಿಗುತ್ತಿತ್ತು. ಸಂಜೆಗೆ ಇನ್ನೂ ಹೊತ್ತಿತ್ತು. ಸರ್, ನನ್ನದು ಕೊಡಿ ಎಂದು ಕೇಳಬೇಕು, ಈಗಲೇ ಕೇಳಬೇಕು ಎಂದು ವಾರಿಜಾ ಉಸಿರೆಳೆದುಕೊಂಡು ಬಾಯಿ ತೆರೆದಳು. ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಮುಂದಿನ ಹೆಸರು ಹೊರಗೆ ಬಂತು.